ರಜೆ ಬಂತು, ನೆರಳಿಗೆ ನಡೆಯಿರಿ

ಏಪ್ರಿಲ್ ಬಂದರೆ ಬೆಂಗಳೂರಿನ ಮನೆಮನೆಯಲ್ಲೂ ಒಂದೇ ಪ್ರಶ್ನೆ: ‘ಮಕ್ಕಳನ್ನು ಎಲ್ಲಿಗೆ ಕರ್ಕೊಂಡು ಹೋಗೋದು?’ 300 ಕೋಟಿ ವರ್ಷದ ಬಂಡೆ, ನಾಯಿಗೆ ಕೆತ್ತಿಸಿದ ಶಾಸನ, ಮಾವಿನ ಮೇಳ, ಬಯಲು ನಾಟಕ, ಬೆಳದಿಂಗಳ ಕರಗ... ಕೈಗೆಟಕುವ ದೂರದಲ್ಲೇ ಎಲ್ಲವೂ ಇದೆ. ಜೇಬು ತುಂಬ ದುಡ್ಡು ಬೇಡ, ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿದ್ದರೆ ಸಾಕು!

ಏಪ್ರಿಲ್ 24. ಮಧ್ಯಾಹ್ನ ಹನ್ನೆರಡು ದಾಟಿ ಹತ್ತು ನಿಮಿಷ. ನೆತ್ತಿ ಸುಡುವ ಹೊತ್ತು. ಹೊರಗೆ ಹೋಗುತ್ತೇನೆಂದರೆ ಅಜ್ಜಿಯರು ಗದರುವ ಸಮಯ. ಆದರೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಅಂಗಳದಲ್ಲಿ ಮಕ್ಕಳು ಬೇಕೆಂದೇ ಬಿಸಿಲಿಗೆ ಬಂದು ನಿಲ್ಲುತ್ತಾರೆ.

ಒಬ್ಬಳ ಕೈಯಲ್ಲಿ ನೀರಿನ ಬಾಟಲಿ, ಇನ್ನೊಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಪೈಪಿನ ತುಂಡು. ಎಲ್ಲವನ್ನೂ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕಾಯುತ್ತಾರೆ. ಪಕ್ಕಕ್ಕೆ ಚಾಚಿಕೊಂಡಿದ್ದ ನೆರಳು ನೋಡನೋಡುತ್ತಲೇ ಕುಗ್ಗುತ್ತದೆ. ಗಡಿಯಾರ 12.17 ತೋರಿಸುವಾಗ ಬಾಟಲಿಯ ಬುಡದಲ್ಲೇ ಅಡಗಿಬಿಡುತ್ತದೆ. ಪೈಪಿನೊಳಗೆ ಇಣುಕಿದರೆ ತಳದವರೆಗೂ ಬೆಳಕು. ಅಂಗಳದ ತುಂಬ ಕೇಕೆ.

ಅದು ಶೂನ್ಯ ನೆರಳಿನ ದಿನ. ವರ್ಷಕ್ಕೆ ಎರಡೇ ಸಲ ಬೆಂಗಳೂರಿನ ನೆತ್ತಿಯ ಮೇಲೆ ನೇರವಾಗಿ ನಿಲ್ಲುವ ಸೂರ್ಯ ಬೇಸಿಗೆ ರಜೆಯ ಮಕ್ಕಳಿಗೆ ಪುಕ್ಕಟೆಯಾಗಿ ತೋರಿಸುವ ಆಟ. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ. ಸ್ವಂತ ತಾರಸಿಯ ಮೇಲೂ ಇದನ್ನು ನೋಡಬಹುದು.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರನ್ನು ಬೇಸಿಗೆ ಹಿಂದೆಲ್ಲ ಅಷ್ಟಾಗಿ ಕಾಡುತ್ತಿರಲಿಲ್ಲ. ಈಗ ಹಾಗಿಲ್ಲ. 2016ರ ಏಪ್ರಿಲ್‌ನಲ್ಲಿ ಪಾದರಸ 39.2 ಡಿಗ್ರಿ ಮುಟ್ಟಿ ದಾಖಲೆ ಬರೆಯಿತು. ಫ್ಯಾನ್ ಬೇಕಿಲ್ಲ ಎನ್ನುತ್ತಿದ್ದ ಮನೆಗಳಿಗೆ ಎಸಿ ಬಂತು. ರಜೆ ಎಂದರೆ ಮಾಲ್, ಮಾಲ್ ಎಂದರೆ ತಂಪು ಎಂಬ ಲೆಕ್ಕಾಚಾರವೂ ಅದರ ಹಿಂದೆಯೇ ಬಂತು.

ಆದರೆ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಈ ಊರಿಗೆ ಇನ್ನೂ ಹಳೆಯ ದಾರಿಗಳಿವೆ. ದಿನದ ಒಂದೊಂದು ಹೊತ್ತಿಗೂ ಒಂದೊಂದು ಜಾಗವಿದೆ. ಅವುಗಳಲ್ಲಿ ಬಹುಪಾಲು ಸರ್ಕಾರದ್ದು, ಸಾರ್ವಜನಿಕರದ್ದು, ಎಂದರೆ ನಮ್ಮೆಲ್ಲರದು. ಆ ಹೊತ್ತುಗಳನ್ನು ಹಿಡಿದು ಊರು ಸುತ್ತೋಣ ಬನ್ನಿ.

[ಬಾಕ್ಸ್] ನೆರಳು ಮಾಯವಾಗುವುದು ಹೇಗೆ?

● ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಉತ್ತರಾಯಣದ ಸೂರ್ಯ ಏಪ್ರಿಲ್ 24ರ ಹೊತ್ತಿಗೆ ಇಲ್ಲಿಗೆ ನೇರವಾಗುತ್ತಾನೆ, ಮರಳುವ ದಾರಿಯಲ್ಲಿ ಆಗಸ್ಟ್ 18ರ ಆಸುಪಾಸು ಮತ್ತೊಮ್ಮೆ ಸಿಗುತ್ತಾನೆ. ಆಗಸ್ಟ್‌ನಲ್ಲಿ ಮೋಡ ಕವಿದಿರುವುದೇ ಹೆಚ್ಚಾದ್ದರಿಂದ ಏಪ್ರಿಲ್ ಒಳ್ಳೆಯದು.

● ಮೈಸೂರಿನಲ್ಲಿ ಇದು ಒಂದೆರಡು ದಿನ ಮೊದಲು, ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರ, ಬೀದರ್‌ನಲ್ಲಿ ಮೇ ಎರಡನೇ ವಾರ.

● ಮನೆಯಲ್ಲೇ ಭೂಮಿಯನ್ನು ಅಳೆಯಿರಿ: ಭೋಪಾಲ್ ಹೆಚ್ಚುಕಡಿಮೆ ಬೆಂಗಳೂರಿನ ನೇರ ಉತ್ತರಕ್ಕೇ ಇದೆ. ಇಲ್ಲಿ ನೆರಳಿಲ್ಲದ ದಿನ ಅಲ್ಲಿ ಒಂದು ಮೀಟರ್ ಕೋಲಿಗೆ ನಡುಹಗಲಲ್ಲಿ ಸುಮಾರು 18 ಸೆಂ.ಮೀ. ನೆರಳು ಬೀಳುತ್ತದೆ. ಆ ಕೋನ 10 ಡಿಗ್ರಿ ಚಿಲ್ಲರೆ. ಪೂರ್ತಿ ವೃತ್ತದ 360 ಡಿಗ್ರಿಯಲ್ಲಿ ಅದು 35ನೇ ಒಂದು ಪಾಲು. ಎರಡೂ ಊರುಗಳ ನೇರ ಅಂತರ ಸುಮಾರು 1,140 ಕಿ.ಮೀ. ಅದನ್ನು 35ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ ಸುಮಾರು 40 ಸಾವಿರ ಕಿ.ಮೀ.! ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರೀಕ್ ಪಂಡಿತ ಎರಟೋಸ್ಥೆನೀಸ್ ಹೂಡಿದ ಲೆಕ್ಕ ಇದೇ.

ಬೆಳಗಿನ ಆರು: ಬಂಡೆಯ ಮೇಲೆ

ಬೇಸಿಗೆಯ ಬೆಂಗಳೂರು ಅತ್ಯಂತ ಚೆಂದ ಕಾಣುವುದು ಬೆಳಿಗ್ಗೆ ಆರಕ್ಕೆ. ಮಕ್ಕಳು ಗೊಣಗಲಿ, ಎಬ್ಬಿಸಿ. ಮೆಟ್ರೊದ ಹಸಿರು ಮಾರ್ಗದಲ್ಲಿ ಬಂದರೆ ನಿಲ್ದಾಣದ ಹೆಸರೇ ಲಾಲ್‌ಬಾಗ್.

ಗಾಜಿನ ಮನೆಗೆ ಆಮೇಲೆ ಹೋದರಾಯಿತು. ಮೊದಲು ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿ. ಕಾಲ ಕೆಳಗಿನ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಹಿಮಾಲಯ ಮೇಲೇಳಲು ತೊಡಗಿ ಐದು ಕೋಟಿ ವರ್ಷವಾಯಿತಷ್ಟೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಣೆಯಾಗಿರುವ ಈ ಬಂಡೆಯ ಮೇಲೆ ದೊಡ್ಡವರು ವ್ಯಾಯಾಮ ಮಾಡುತ್ತಾರೆ, ಹುಡುಗರು ಓಟದ ಪಂದ್ಯ ಕಟ್ಟುತ್ತಾರೆ. ಪೂರ್ವಕ್ಕೆ ತಿರುಗಿ ನಿಂತರೆ ಕಟ್ಟಡಗಳ ಸಂದಿಯಿಂದ ಸೂರ್ಯ ಬರುತ್ತಾನೆ.

ಕೆಳಗಿಳಿದರೆ 240 ಎಕರೆಯ ತೋಟ. 1760ರಲ್ಲಿ ಹೈದರ್ ಅಲಿ ಆರಂಭಿಸಿದ್ದು, ಟಿಪ್ಪು ಬೆಳೆಸಿದ್ದು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಜನ ಮುಗಿಬೀಳುತ್ತಾರೆ. ಆದರೆ ತೋಟವನ್ನು ಸಾವಧಾನವಾಗಿ ನೋಡಬೇಕೆಂದರೆ ಬೇಸಿಗೆಯ ಬೆಳಗೇ ಸರಿ.

ಮಕ್ಕಳಿಗೆ ಒಂದು ಆಟ ಕಲಿಸಿ: ಹೂಬಿಟ್ಟ ಮರಗಳ ಪಟ್ಟಿ ಮಾಡುವುದು. ಮಾರ್ಚ್‌ನಲ್ಲಿ ಜಕರಂಡದ ನೀಲಿ ನೇರಳೆ, ಹಳದಿ ಟಬೂಬಿಯಾ. ಅದರ ಬೆನ್ನಿಗೇ ಹೊಂಗೆ ಹೂವಿನ ಹಾಸಿಗೆ. ಏಪ್ರಿಲ್ ಕಳೆಯುವಷ್ಟರಲ್ಲಿ ಕಕ್ಕೆಯ ಚಿನ್ನದ ಗೊಂಚಲು. ಮೇ ತಿಂಗಳಿಡೀ ಗುಲ್‌ಮೊಹರ್, ನಮ್ಮ ಬಾಯಲ್ಲಿ ಮೇಫ್ಲವರ್. ಹೊಂಗೆ, ಕಕ್ಕೆ ಇಲ್ಲಿಯವೇ. ಮೇಫ್ಲವರ್ ಮಡಗಾಸ್ಕರ್‌ನಿಂದ, ಜಕರಂಡ ದಕ್ಷಿಣ ಅಮೆರಿಕದಿಂದ ಬಂದು ಈ ಊರಿನವಾದವು.

ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಬೇಕೆಂದು ಯೋಚಿಸಿದವರಲ್ಲಿ ಪ್ರಮುಖರು 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಬೆಂಗಳೂರಿನ ರಸ್ತೆಗಳು ಬೇಸಿಗೆಯಲ್ಲಿ ಬಣ್ಣ ಬದಲಿಸುವುದರ ಹಿಂದೆ ಇಂಥ ಮುಂದಾಲೋಚನೆ ಇದೆ.

ಹತ್ತು ಗಂಟೆ: ಕಬ್ಬನ್ ಪಾರ್ಕಿನ ಓದು

ಬಿಸಿಲೇರುವ ಮುಂಚೆ ಕಬ್ಬನ್ ಪಾರ್ಕಿನ ಬಿದಿರ ಮೆಳೆಗಳ ಕೆಳಗೆ ಜಾಗ ಹಿಡಿಯಬೇಕು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ ಈ ಉದ್ಯಾನಕ್ಕೆ ಚಾಮರಾಜೇಂದ್ರ ಉದ್ಯಾನ ಎಂಬ ಹೆಸರೂ ಇದೆ. ಭಾನುವಾರ ಒಳರಸ್ತೆಗಳಿಗೆ ವಾಹನ ಬಿಡುವುದಿಲ್ಲವಾದ್ದರಿಂದ ಸೈಕಲ್ ಕಲಿಯುವವರಿಗೆ, ಸ್ಕೇಟಿಂಗ್ ಮಾಡುವವರಿಗೆ ಅಂದು ಹಬ್ಬ.

ಶನಿವಾರ ಬೆಳಿಗ್ಗೆ ಬಂದರೆ ಇನ್ನೊಂದು ನೋಟ. ಹುಲ್ಲಿನ ಮೇಲೆ ಚಾಪೆ, ಬೆಡ್‌ಶೀಟು ಹಾಸಿಕೊಂಡು ನೂರಾರು ಜನ ಸುಮ್ಮನೆ ಓದುತ್ತಿರುತ್ತಾರೆ. ಭಾಷಣವಿಲ್ಲ, ಚರ್ಚೆಯಿಲ್ಲ, ಶುಲ್ಕವೂ ಇಲ್ಲ. ‘ಕಬ್ಬನ್ ರೀಡ್ಸ್’ ಹೆಸರಿನಲ್ಲಿ 2023ರ ಆರಂಭದಲ್ಲಿ ಶುರುವಾದ ಈ ಮೌನ ಓದು ಇಲ್ಲಿಂದ ದೇಶದ, ಹೊರದೇಶದ ಹಲವು ಊರುಗಳಿಗೆ ಹಬ್ಬಿತು. ಮೊಬೈಲ್ ಬಿಡದ ಮಗ ಅಲ್ಲಿ ಪುಸ್ತಕ ಹಿಡಿಯುತ್ತಾನೆ. ಸುತ್ತ ಕುಳಿತವರೆಲ್ಲ ಓದುತ್ತಿರುವಾಗ ಅವನೊಬ್ಬ ಏನು ಮಾಡಿಯಾನು?

ಪುಸ್ತಕ ತಂದಿಲ್ಲವೇ? ಅಲ್ಲೇ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಪುಟ್ಟವರಿಗೆ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವಿದೆ. ಜವಾಹರ ಬಾಲಭವನದಲ್ಲಿ ಬೇಸಿಗೆ ಶಿಬಿರಗಳು ನಡೆಯುತ್ತವೆ. ಮೂರು ತಲೆಮಾರಿನ ಬೆಂಗಳೂರಿಗರ ನೆನಪಿನಲ್ಲಿ ಓಡುವ ಪುಟಾಣಿ ರೈಲು ಕೂಡ ಅಲ್ಲಿಯದೇ.

ನಡುಹಗಲು: ಗೋಡೆಗಳ ಒಳಗೆ

ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲಿನ ಜೊತೆ ಹಟ ಬೇಡ. ಪಾರ್ಕಿಗೆ ಅಂಟಿಕೊಂಡೇ ಇರುವ ಕಸ್ತೂರಬಾ ರಸ್ತೆಗೆ ಬನ್ನಿ. ಒಂದೇ ಬೀದಿಯಲ್ಲಿ ಒಂದು ವಾರಕ್ಕೆ ಆಗುವಷ್ಟು ಸರಕಿದೆ.

ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯದ ಕಟ್ಟಡ ಉದ್ಘಾಟಿಸಿದವರು ಪ್ರಧಾನಿ ನೆಹರೂ, 1962ರಲ್ಲಿ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಒಳಗಿದೆ. ಇಲ್ಲಿ ‘ಮುಟ್ಟಬೇಡಿ’ ಎನ್ನುವುದಕ್ಕಿಂತ ‘ಒತ್ತಿ ನೋಡಿ, ತಿರುಗಿಸಿ ನೋಡಿ’ ಎನ್ನುವ ಸಲಕರಣೆಗಳೇ ಹೆಚ್ಚು.

ಪಕ್ಕದಲ್ಲೇ 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತು ಸಂಗ್ರಹಾಲಯ. ಇಲ್ಲಿನ ಒಂದು ಕಲ್ಲನ್ನು ಮಕ್ಕಳು ನೋಡಲೇಬೇಕು: ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಹತ್ತನೇ ಶತಮಾನದ ಶಾಸನ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ‘ಏನು ಬೇಕು ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಪೂಜೆಗೆಂದು ಭೂಮಿ ಬಿಟ್ಟ. ನಾಯಿಯೂ ಹಂದಿಯೂ ಹೋರಾಡುವ ದೃಶ್ಯ ಕಲ್ಲಿನ ಮೇಲೇ ಇದೆ. ಪಠ್ಯದಲ್ಲಿ ಗಂಗರ ಇಸವಿಗಳನ್ನು ಉರು ಹೊಡೆದ ಮಗು ಈ ಕಥೆ ಕೇಳಿದರೆ ಇತಿಹಾಸವನ್ನು ಮರೆಯುವುದಿಲ್ಲ.

ಕಲೆಯ ಕಡೆ ಒಲವಿದ್ದರೆ ಇದೇ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ‘ಮ್ಯಾಪ್’ ಇದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ, ಹಳೆಯ ಮರಗಳ ದಟ್ಟ ನೆರಳೂ ಇವೆ. ಹೈಗ್ರೌಂಡ್ಸ್‌ನ ನೆಹರೂ ತಾರಾಲಯದಲ್ಲಿ ಕನ್ನಡದಲ್ಲೂ ಪ್ರದರ್ಶನಗಳುಂಟು. ಹೊರಗೆ ಉರಿಬಿಸಿಲು, ಒಳಗೆ ನಡುರಾತ್ರಿಯ ನಕ್ಷತ್ರಗಳು. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್‌ನ ಅಂಗಳದಲ್ಲಿ ಕಲ್ಲು, ಲೋಹದ ವಾದ್ಯಗಳನ್ನು ಮಕ್ಕಳೇ ಬಡಿದು ನಾದ ಹೊರಡಿಸಬಹುದು.

ಮೇಳದ ಘಮ

ಮೇ ಹತ್ತಿರವಾಯಿತೆಂದರೆ ಬೆಂಗಳೂರಿನ ಗಾಳಿಗೇ ಮಾವಿನ ವಾಸನೆ. ಶ್ರೀನಿವಾಸಪುರ, ಚಿಂತಾಮಣಿ, ರಾಮನಗರದ ಬೆಳೆಗಾರರು ಮಧ್ಯವರ್ತಿಗಳಿಲ್ಲದೆ ನೇರವಾಗಿ ಮಾರುವ ಮಾವಿನ ಮೇಳ ಲಾಲ್‌ಬಾಗಿನಲ್ಲಿ ನಡೆಯುತ್ತದೆ. ಕಾರ್ಬೈಡ್ ಹಾಕದೆ ಹಣ್ಣು ಮಾಡಿದ್ದು ಎಂಬುದೇ ಇಲ್ಲಿನ ಭರವಸೆ.

ಮಳಿಗೆಯ ಮುಂದೆ ನಿಂತು ಹೆಬ್ಬೆರಳಿನಲ್ಲಿ ರಸಪುರಿ ಒತ್ತಿ ನೋಡುವವರನ್ನು ಕಂಡರೆ ಬೆಳೆಗಾರರ ಜೀವ ಚುರುಕ್ ಎನ್ನುತ್ತದೆ. ‘ಒತ್ತಬೇಡಿ ಅಕ್ಕಾ, ತೊಟ್ಟಿನ ಹತ್ರ ಮೂಸಿ ನೋಡಿ’ ಎಂದು ಅವರೇ ಒಂದು ಹಣ್ಣು ಕೈಗಿಡುತ್ತಾರೆ. ತೊಟ್ಟಿನ ಸುತ್ತ ಭುಜ ತುಂಬಿಕೊಂಡು ಗುಂಡಗಾಗಿದ್ದರೆ ಮರದಲ್ಲೇ ಬಲಿತದ್ದು. ಅಲ್ಲಿ ಘಮ ಬಂದರೆ ಇವತ್ತಿಗೆ ತಿನ್ನಬಹುದು, ಬರದಿದ್ದರೆ ಹುಲ್ಲಿನಲ್ಲಿಟ್ಟು ಇನ್ನೆರಡು ದಿನ ಕಾಯಬೇಕು. ಸೂಪರ್‌ ಮಾರ್ಕೆಟ್ಟಿನ ಫಲಕ ಹೇಳಿಕೊಡದ ಪಾಠ ಇದು. ಕಲಿಸುವ ಮೇಷ್ಟ್ರು ಬೆಳೆದವರೇ.

ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ಅದಕ್ಕೂ ಮೊದಲೇ ದ್ರಾಕ್ಷಿ, ಕಲ್ಲಂಗಡಿಯ ಸುಗ್ಗಿ. ಈ ಸಂಸ್ಥೆ 1959ರಲ್ಲಿ ಹುಟ್ಟಿದ್ದೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಕಲ್ಲಂಗಡಿ ತಳಿಯೊಂದಕ್ಕೆ ‘ಅರ್ಕಾ ಮಾಣಿಕ್’ ಎಂದು ಹೆಸರು. ದೊಡ್ಡಬಳ್ಳಾಪುರದ ಕಡೆ ಹೊರಟರೆ ತೂಬಗೆರೆಯ ಹಲಸು ಕಾದಿರುತ್ತದೆ. ರಸ್ತೆ ಬದಿಯಲ್ಲಿ ತಾಟಿನುಂಗು, ಎಳನೀರು, ಕಬ್ಬಿನ ಹಾಲು ಇದ್ದೇ ಇವೆ.

[ಬಾಕ್ಸ್] ಯಾವ ಮಾವು, ಯಾವುದಕ್ಕೆ?

● ರಸಪುರಿ: ಸೀಕರಣೆಗೆ ಇದನ್ನು ಬಿಟ್ಟರಿಲ್ಲ. ಹೋಳು ಮಾಡುವುದಕ್ಕಿಂತ ಹಿಂಡಿ ರಸ ತೆಗೆಯಿರಿ.

● ಬಾದಾಮಿ: ಹೊರಗಿನವರು ಆಲ್ಫಾನ್ಸೊ, ಆಪೂಸ್ ಎನ್ನುವುದು ಇದನ್ನೇ. ನಾರಿಲ್ಲ, ಹೋಳು ಮಾಡಿ ತಿನ್ನಲು ಹೇಳಿ ಮಾಡಿಸಿದ್ದು.

● ಸೇಂದೂರ: ಭುಜದ ಮೇಲೆ ಕುಂಕುಮದ ಕೆಂಪು. ಬೇಗ ಬರುವ ಹಣ್ಣು.

● ತೋತಾಪುರಿ: ಗಿಣಿಮೂತಿ ಕಾಯಿ. ಸೀಳಿ, ಉಪ್ಪು ಖಾರ ಸವರಿ ತಿನ್ನಿ. ತಿರುಳಿನ ಕಾರ್ಖಾನೆಗಳಿಗೆ ಕೋಲಾರದಿಂದ ಹೋಗುವುದೂ ಇದೇ.

● ಮಲ್ಲಿಕಾ: ನೀಲಂ ಮತ್ತು ದಸೇರಿಯ ಮಿಶ್ರತಳಿ. ತಡವಾಗಿ ಬರುತ್ತದೆ, ಭಾರೀ ಸಿಹಿ.

● ನೀಲಂ: ಹಂಗಾಮು ಮುಗಿಯುವ ಹೊತ್ತಿಗೆ ಬರುವ ಕೊನೆಯ ಅತಿಥಿ.

ಇಳಿಹೊತ್ತು: ಪಾನಕ, ಪದ, ನಾಟಕ

ಐದರ ಮೇಲೆ ಗಾಳಿ ತಿರುಗುತ್ತದೆ. ಅದೃಷ್ಟವಿದ್ದರೆ ಗುಡುಗಿನೊಡನೆ ಒಂದು ಮಳೆ. ಅಲ್ಲಿಂದ ಮುಂದೆ ಊರು ಕಲಾವಿದರದು.

ರಾಮನವಮಿಯಂದು ಬೀದಿಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬೆಲ್ಲಕ್ಕೆ ಏಲಕ್ಕಿ, ಶುಂಠಿ, ನಿಂಬೆ ಬಿದ್ದ ಆ ಪಾನಕ ಬಿಸಿಲಿಗೆ ಬಾಡಿದ ದೇಹಕ್ಕೆ ನಮ್ಮ ಹಿರಿಯರು ಕಂಡುಕೊಂಡ ಮದ್ದು. ಜಾತಿ, ಗುರುತು ಕೇಳದೆ ದಾರಿಹೋಕರಿಗೆಲ್ಲ ಲೋಟ ಚಾಚುವುದು ಆ ಹಬ್ಬದ ದೊಡ್ಡ ಗುಣ. ಅದೇ ಋತುವಿನಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ. 1939ರಿಂದ ನಡೆದು ಬಂದಿರುವ ಈ ಪೆಂಡಾಲಿನಲ್ಲಿ ಹಾಡದ ದೊಡ್ಡ ವಿದ್ವಾಂಸರು ವಿರಳ. ಸಂಗೀತ ಗೊತ್ತಿಲ್ಲ ಎಂದು ಹಿಂಜರಿಯಬೇಡಿ. ಮಕ್ಕಳು ತಾಳವಾದ್ಯಗಳ ತನಿ ಆವರ್ತನಕ್ಕೆ ತಾಳ ಹಾಕಲು ಶುರುಮಾಡಿದರೆ ಬಂದದ್ದು ಸಾರ್ಥಕ.

ನಾಟಕಕ್ಕೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಮತ್ತು ಅದರ ಹಿಂದಿನ ಸಂಸ ಬಯಲು ರಂಗಮಂದಿರ. ಬೇಸಿಗೆ ಶಿಬಿರ ಮುಗಿಸಿದ ಮಕ್ಕಳು ಬಣ್ಣ ಹಚ್ಚಿಕೊಂಡು ರಂಗಕ್ಕೆ ಬರುವುದನ್ನು ಬಯಲಿನಲ್ಲಿ ಕುಳಿತು ನೋಡುವುದೇ ಒಂದು ಸಂಭ್ರಮ. ಜೆ.ಪಿ. ನಗರದ ರಂಗಶಂಕರಕ್ಕೆ ಹೋಗುವವರು ಗಡಿಯಾರ ನೋಡಿಕೊಳ್ಳಿ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ 2004ರಲ್ಲಿ ತೆರೆದ ಈ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಹೊತ್ತಿಗೆ ಬೆಲೆ ಕೊಡುವುದನ್ನು ಮಕ್ಕಳು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹಸಿವಾದರೆ ವಿ.ವಿ. ಪುರದ ತಿಂಡಿ ಬೀದಿ. ದೋಸೆ, ಹೋಳಿಗೆ ಮುಗಿಸಿ ಗುಲ್ಕನ್ ಮೇಲೆ ಐಸ್‌ಕ್ರೀಂ ಹಾಕಿಸಿಕೊಳ್ಳಿ. ಗಾಂಧಿ ಬಜಾರಿನಲ್ಲಿ 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನವಿದೆ. ಹೂವಿನ ಅಂಗಡಿಗಳ ಸಾಲಿನಲ್ಲಿ ನಡೆದು ಬಂದರೆ ತಿಂದದ್ದು ಕರಗುತ್ತದೆ.

ನಡುರಾತ್ರಿ: ಮಲ್ಲಿಗೆಯ ಕರಗ

ಬೇಸಿಗೆಯ ಬೆಂಗಳೂರಿಗೆ ಕಳಶವಿಟ್ಟಂತಿರುವುದು ಚೈತ್ರ ಹುಣ್ಣಿಮೆಯ ರಾತ್ರಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ನಡುರಾತ್ರಿ ಕಳೆದ ಮೇಲೆ ಹೆಣ್ಣುಡುಗೆ ತೊಟ್ಟ ಪೂಜಾರಿ ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತು ಹೊರಬರುತ್ತಾರೆ. ಕತ್ತಿ ಹಿರಿದ ವೀರಕುಮಾರರು ಸುತ್ತುಗಟ್ಟುತ್ತಾರೆ. ‘ಗೋವಿಂದಾ’ ಎಂಬ ಕೂಗಿನ ನಡುವೆ ಮಲ್ಲಿಗೆಯ ಮಳೆ.

ತಿಗಳ ಸಮುದಾಯ ದ್ರೌಪದಿಯನ್ನು ಆದಿಶಕ್ತಿಯೆಂದು ಆರಾಧಿಸುವ ಹಬ್ಬವಿದು. ಹಳೆಯ ಪೇಟೆಯ ಬೀದಿಗಳಲ್ಲಿ ಸಾಗುವ ಕರಗ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಎರಡು ನಂಬಿಕೆಯ ಜನ ಒಂದೇ ರಾತ್ರಿ ಒಂದೇ ಹೂವಿಗೆ ಕೈ ಮುಗಿಯುವುದನ್ನು ಮಕ್ಕಳು ಹೆಗಲ ಮೇಲೆ ಕುಳಿತು ನೋಡಲಿ. ಈ ಊರು ಎಂಥದ್ದು ಎಂದು ನಾವು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

[ಬಾಕ್ಸ್] ಹೊರಡುವ ಮುನ್ನ

● ಸೋಮವಾರ ತಾರಾಲಯ, ಆಧುನಿಕ ಕಲಾ ಗ್ಯಾಲರಿ, ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ರಜೆ. ಮಂಗಳವಾರ ಬನ್ನೇರುಘಟ್ಟ ಜೈವಿಕ ಉದ್ಯಾನ ಮುಚ್ಚಿರುತ್ತದೆ. ದುರಸ್ತಿ ಕಾಮಗಾರಿ ಇದೆಯೇ ಎಂದು ವಿಚಾರಿಸಿಕೊಂಡು ಹೊರಡಿ.

● ಕಬ್ಬನ್ ಪಾರ್ಕ್‌ಗೆ ನೇರಳೆ ಮೆಟ್ರೊ, ಲಾಲ್‌ಬಾಗ್‌ಗೆ ಹಸಿರು ಮೆಟ್ರೊ. ಮಾರ್ಗ ಬದಲಿಸುವುದು ಮೆಜೆಸ್ಟಿಕ್‌ನಲ್ಲಿ.

● ಒಂದು ದಿನ ಊರಾಚೆ ಹೋಗುವುದಾದರೆ 1,478 ಮೀಟರ್ ಎತ್ತರದ ನಂದಿಬೆಟ್ಟ, ಸುಮಾರು 60 ಕಿ.ಮೀ. ಸೂರ್ಯೋದಯಕ್ಕೆ ತಲುಪಬೇಕು. ವಾರದ ದಿನವಾದರೆ ನೂಕುನುಗ್ಗಲು ಕಡಿಮೆ.

● ಮನೆಯಿಂದಲೇ ನೀರು ಒಯ್ಯಿರಿ. ಹತ್ತಿಯ ಬಟ್ಟೆ, ಟೋಪಿ ಇರಲಿ. ತಲೆಸುತ್ತು, ವಾಕರಿಕೆ ಕಂಡರೆ ತಕ್ಷಣ ನೆರಳಿಗೆ ಬಂದು ನೀರು ಕುಡಿದು ಮೈ ತಣಿಸಿ.

ನೆಟ್ಟವರ ಋಣ

ಈ ಸುತ್ತಾಟದ ಉದ್ದಕ್ಕೂ ನಾವು ನಿಂತದ್ದು, ಕುಳಿತದ್ದು, ಉಂಡದ್ದು ಯಾರೋ ಮಾಡಿಟ್ಟ ಆಸರೆಯಲ್ಲಿ. ತೋಟವನ್ನು ಒಬ್ಬ ದೊರೆ ಮಾಡಿಸಿದ, ಉದ್ಯಾನವನ್ನು ಒಬ್ಬ ಎಂಜಿನಿಯರ್ ರೂಪಿಸಿದ. 80ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ನೇತೃತ್ವದಲ್ಲಿ ನಗರದ ರಸ್ತೆಗಳಲ್ಲಿ, ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಲಾಯಿತು. ಇಂದು ಅನೇಕ ಬಸ್ ತಂಗುದಾಣಗಳ ಮೇಲೆ, ಎಳನೀರು ಗಾಡಿಗಳ ಮೇಲೆ ಕೊಡೆ ಹಿಡಿದಿರುವುದು ಆ ಮರಗಳು. ನೆಟ್ಟವರು 2021ರಲ್ಲಿ ತೀರಿಕೊಂಡರು, ನೆಟ್ಟದ್ದು ಕೆಲಸ ಮಾಡುತ್ತಲೇ ಇದೆ.

ಇಂಥ ಸಾರ್ವಜನಿಕ ಜಾಗಗಳಿಗೆ ಜನ ಹೋಗುವುದನ್ನು ಬಿಟ್ಟರೆ ಅವು ಒಂದೊಂದಾಗಿ ಕೈತಪ್ಪುತ್ತವೆ. ಓದುಗರಿಲ್ಲದ ಗ್ರಂಥಾಲಯದ ಬಾಗಿಲು ಬೇಗ ಮುಚ್ಚುತ್ತದೆ. ಯಾರೂ ಕೂರದ ಮರದ ಬುಡಕ್ಕೆ ಕೊಡಲಿ ಬಿದ್ದರೆ ಕೇಳುವವರಿರುವುದಿಲ್ಲ. ಹೋಗುವವರಿದ್ದರೆ ಮಾತ್ರ ಕುಡಿಯುವ ನೀರಿನ ನಲ್ಲಿ ಬೇಕು, ಶುಚಿಯಾದ ಶೌಚಾಲಯ ಬೇಕು, ಬೆಂಚು ಬೇಕು ಎಂದು ಕೇಳುವ ದನಿ ಹುಟ್ಟುತ್ತದೆ. ನಮ್ಮ ಬಡಾವಣೆಯ ಪಾರ್ಕುಗಳು ಮಧ್ಯಾಹ್ನವೂ ತೆರೆದಿರುವಂತೆ ನೋಡಿಕೊಳ್ಳೋಣ. ಮನೆಯಲ್ಲಿ ಫ್ಯಾನೂ ಇಲ್ಲದವರಿಗೆ, ಬೀದಿಯಲ್ಲಿ ದುಡಿಯುವವರಿಗೆ ಆ ನೆರಳು ಬೇಕಾಗುವುದು ಆಗಲೇ.

ಜೂನ್ ಮೊದಲ ಮಳೆಗೆ ಮನೆಯೆದುರು ಒಂದು ಹೊಂಗೆ ನೆಡಿ. ನೀರು ಹಾಕುವ ಹೊಣೆ ಮಕ್ಕಳಿಗಿರಲಿ. ಅದಕ್ಕೂ ಮೊದಲು, ಈ ರಜೆಯಲ್ಲಿ, ಅವರಿಗೆ ಅವರ ಊರನ್ನು ಕಾಲ್ನಡಿಗೆಯಲ್ಲಿ ತೋರಿಸಿ. ನಾಳೆ ಇಲ್ಲಿನ ಒಂದು ಮರ, ಒಂದು ಕೆರೆ, ಒಂದು ಗ್ರಂಥಾಲಯ ಉಳಿಯಬೇಕೇ ಎಂಬ ಪ್ರಶ್ನೆ ಎದ್ದಾಗ, ಅಲ್ಲಿ ಆಡಿ ಬೆಳೆದವರೇ ಅದರ ಪರವಾಗಿ ನಿಲ್ಲುತ್ತಾರೆ.